ಹುಚ್ಚುನಾಯಿಯ ಔಷಧ

ಗಂಗಾ, ನಿನ್ನ ಅವ್ವ ದವಾಖಾನೆಗೆ ಹೋಗದಂತೆ ತಡೆದವಳು ನಾನು.

ಎರಡನೇ ಮಹಾಯುದ್ಧ ಶುರುವಾಗುವ ಮೊದಲಿನ ಮಾತು. ನೀನು ಎದೆಹಾಲಿನ ಕೂಸು. ಹಂಸಭಾವಿಯಲ್ಲಿ ನನ್ನ ಅಪ್ಪ ಹುಚ್ಚುನಾಯಿ ಕಡಿತಕ್ಕೆ ಸೊಪ್ಪಿನ ರಸ ಕೊಡುತ್ತಿದ್ದ. ಹಾನಗಲ್ಲಿನಿಂದಲೂ ಜನ ಬರುತ್ತಿದ್ದರು. ಬದುಕಿ ಉಳಿದವರು ತೆಂಗಿನಕಾಯಿ ಹಿಡಿದು ಮತ್ತೆ ಬರುತ್ತಿದ್ದರು — ಅಪ್ಪನ ಹೆಸರು ಬೆಳೆದದ್ದೇ ಹಾಗೆ. ಆದರೆ ಕಚ್ಚಿದ ನಾಯಿಗೆ ನಿಜವಾಗಿ ಹುಚ್ಚು ಹಿಡಿದಿತ್ತೇ ಎಂದು ಯಾರೂ ಕೇಳುತ್ತಿರಲಿಲ್ಲ. ನಾನು ನೋಡಿದ್ದೆ. ನಮ್ಮೂರಲ್ಲಿ ಉಳಿದವರನ್ನು ಕಚ್ಚಿದ ನಾಯಿಗಳು ತಿಂಗಳುಗಟ್ಟಲೆ ಸಂತೆಯಲ್ಲಿ ತಿರುಗಾಡಿಕೊಂಡೇ ಇದ್ದವು. ಹುಚ್ಚು ಹಿಡಿದ ನಾಯಿ ಅಷ್ಟು ದಿನ ಬದುಕುವುದಿಲ್ಲ. ಅಂದರೆ ಆ ಜನ ಔಷಧವಿಲ್ಲದೆಯೂ ಉಳಿಯುತ್ತಿದ್ದರು... ಸತ್ತವರ ಮನೆಯವರೋ — ಅವರು ನಮ್ಮ ಬಾಗಿಲಿಗೆ ಮತ್ತೆ ಯಾಕೆ ಬಂದಾರು? ಇದೆಲ್ಲ ನನಗೆ ಹೊಳೆದಿತ್ತು. ಒಳಗೇ ಅದುಮಿಟ್ಟೆ.

ನಿನ್ನ ಅವ್ವ ನೀಲವ್ವ ನನ್ನ ಗೆಳತಿ. ಅವಳನ್ನು ಕಚ್ಚಿದ ನಾಯಿ ಜೊಲ್ಲು ಸುರಿಸುತ್ತ ಮರುದಿನವೇ ಸತ್ತು ಬಿತ್ತು. ನಿನ್ನ ಅಪ್ಪ ಚಕ್ಕಡಿ ಹೂಡಿದ್ದ — ಹಾವೇರಿಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಧಾರವಾಡಕ್ಕೆ, ಸೂಜಿಮದ್ದು ಹಾಕಿಸಲು. ನಿನ್ನನ್ನು ಎದೆಗವಚಿ ಚಕ್ಕಡಿಯಲ್ಲಿ ಕೂತವಳು ನನ್ನನ್ನು ಕೇಳಿದಳು:

“ಖರೇ ಹೇಳವ್ವಾ, ನಿಮ್ಮಪ್ಪನ ಔಷಧಾ ತಗೊಂಡಾವ್ರು ಎಲ್ಲಾರೂ ಉಳದಾರೇನು?”

“ಎಲ್ಲಾರೂ ಉಳದಾರ. ಸಣ್ಣ ಕೂಸಿನ್ನ ಕರಕೊಂಡು ಅಷ್ಟು ದೂರ ಯಾಕ ಹೋಗ್ತಿ?”

ಅವಳು ಇಳಿದಳು. ಅಪ್ಪನ ರಸ ಕುಡಿದಳು, ಉಪ್ಪು ಹುಳಿ ಬಿಡುವ ಪಥ್ಯ ಹಿಡಿದಳು.

ಯಾಕೆ ಹಾಗೆ ಹೇಳಿದೆ? ಅಪ್ಪನ ಹೆಸರು ಉಳಿಯಲೆಂದು — ಅಷ್ಟೇ ಅಂದರೆ ಅದೂ ಪೂರ್ತಿ ನಿಜವಲ್ಲ. ಊರಿಗೆ ಊರೇ ನಮ್ಮ ಮಾತು ನಂಬುವುದು ನನಗೆ ಹಿತವಾಗಿತ್ತು.

ಮಳೆಗಾಲ ಮುಗಿಯುವ ಮೊದಲೇ ಅವಳು ನೀರು ಕಂಡರೆ ಬೆದರತೊಡಗಿದಳು. ಆಮೇಲೆ... ಬೇಡ, ಅದನ್ನು ನಿನಗೆ ಹೇಳಲಾರೆ. ಮಣ್ಣು ಮಾಡಿ ಬಂದ ಮೇಲೆ ಅಪ್ಪ ಅಂದ, “ಪಥ್ಯಾ ಮುರದಾಳ. ಹುಳಿ ತಿಂದಾಳ.” ಊರು ಒಪ್ಪಿತು. ನಿನ್ನ ಅಜ್ಜಿ ಇಂದಿಗೂ ಅದನ್ನೇ ಅನ್ನುತ್ತಾಳೆ — ನಾಲಿಗೆ ಚಪಲಕ್ಕೆ ಕೂಸನ್ನು ತಬ್ಬಲಿ ಮಾಡಿದಳೆಂದು. ನೀನು ತಲೆ ತಗ್ಗಿಸಿ ಕೇಳಿಸಿಕೊಳ್ಳುವುದನ್ನು ನಾನು ನೋಡಿದ್ದೇನೆ. ನೋಡಿಯೂ ಬಾಯಿ ಬಿಡಲಿಲ್ಲ.

ಅವಳು ಉಣ್ಣುವಾಗ ಪಕ್ಕದಲ್ಲಿ ಕೂತಿರುತ್ತಿದ್ದವಳು ನಾನೇ, ಗಂಗಾ. ಉಪ್ಪಿಲ್ಲದ ಬರೀ ರೊಟ್ಟಿ ತಿಂದಳು, ನಿನ್ನ ಸಲುವಾಗಿ. ನಾಳೆ ನಿಮ್ಮ ಮನೆಗೆ ಬಂದು ನಿನ್ನ ಅಜ್ಜಿಯ ಎದುರಿಗೆ ಇದನ್ನು ಹೇಳುತ್ತೇನೆ. ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ನಿಂತು, ಓಣಿಗೆಲ್ಲ ಕೇಳುವಂತೆ.