ಖಂಡೇನವಮಿಯಂದು ಆರಿಸಿದ ಪೆಟ್ಟಿಗೆ

ಆ ಪೆಟ್ಟಿಗೆಯ ಸ್ವಿಚ್ ಆರಿಸಿದವಳು ನಾನು, ವೈಶಾಲಿ. ನೀನಲ್ಲ.

ಕಾರವಾರದ ಆ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ನಾನು ಆಫೀಸು ನೋಡಿಕೊಳ್ಳುತ್ತಿದ್ದೆ. ಕಂಪ್ಯೂಟರು, ಸರ್ವರು, ನೆಟ್‌ವರ್ಕು ಎಲ್ಲ ನಿನ್ನ ಪಾಲು. ವ್ಯಾಪಾರ ಬೆಳೆದು ಅಂಕೋಲೆಯಲ್ಲೂ ಶಾಖೆ ಏಳುತ್ತಿತ್ತು. ಅಲ್ಲಿ ಕೇಬಲ್ ಎಳೆಸಲು ಹೊರಟ ನೀನು ನನಗೆ ಸರ್ವರ್ ಪಕ್ಕದ ಬ್ಯಾಕಪ್ ಪೆಟ್ಟಿಗೆ ತೋರಿಸಿದ್ದೆ. “ಎಲ್ಲದರ ಕಾಪಿ ಇದ್ರಲ್ಲೇ ಉಳೀತದೆ ಮೇಡಂ. ಹಸಿರು ಲೈಟ್ ಅದೆಯಾ ಅಂತ ದಿನಾ ಒಂದ್ಸಲ ನೋಡಿ. ಕನ್ನಡಕ ಹಾಕ್ಕೊಂಡೇ ನೋಡಿ, ಮತ್ತೆ!”

ಮರುದಿನ ಖಂಡೇನವಮಿ. ಲಾರಿ, ತಕ್ಕಡಿ, ಐಸ್ ಮಷೀನು — ಎಲ್ಲಕ್ಕೂ ಹೂವು, ಕುಂಕುಮ. ಪೂಜೆಗೊಂಡ ಯಂತ್ರ ಅಂದು ದುಡಿಯಬಾರದು ಎನ್ನುವುದು ನಮ್ಮ ಮನೆಯ ಪದ್ಧತಿ. ಸರ್ವರ್ ಮುಟ್ಟಲು ಧೈರ್ಯವಾಗಲಿಲ್ಲ. ಆದರೆ ಆ ಚಿಕ್ಕ ಪೆಟ್ಟಿಗೆ — ಪಾಪ, ಇದಾದರೂ ರೆಸ್ಟ್ ತಗೊಳ್ಳಲಿ ಎನಿಸಿತು. ನನ್ನ ಕಾನ್ವೆಂಟಿನ ಸಿಸ್ಟರುಗಳು ಕಂಡಿದ್ದರೆ ನಕ್ಕುಬಿಡುತ್ತಿದ್ದರು. ಚೆಂಡುಹೂವು ಇಟ್ಟು ಆರಿಸಿದೆ. ಮರುದಿನ ಮತ್ತೆ ಹಾಕಿದೆನೇ? ಹಾಕಿದ ಹಾಗೆ ನನ್ನ ಬೆರಳಿಗೆ ನೆನಪು. ಹಾಕಿರಲಾರೆ.

ನೀನು ಅಂಕೋಲೆಯಿಂದ ಫೋನ್ ಮಾಡಿ ಕೇಳಿದಾಗಲೆಲ್ಲ “ಹಸಿರೇ ಇದೆಯಮ್ಮಾ” ಎಂದೆ. ನೋಡಿ ಹೇಳಿದೆನೇ, ನೋಡದೆಯೇ? ಪಕ್ಕದ ಇನ್ನಾವುದೋ ದೀಪವನ್ನು ಕಂಡೆನೇ? ಆನೆಸ್ಟ್ಲಿ, ಗೊತ್ತಿಲ್ಲ. ಇಂದಿಗೂ —

ಆಮೇಲೆ ಸರ್ವರಿನ ಡಿಸ್ಕ್ ಸತ್ತಿತು. ಪೆಟ್ಟಿಗೆಯಲ್ಲಿ ಹಬ್ಬದ ನಂತರದ್ದೇನೂ ಇರಲಿಲ್ಲ. ಮಾಲೀಕ ಶೇಟರು ಇಬ್ಬರನ್ನೂ ಕರೆಸಿದರು. “ಇದನ್ನ ಬಂದ್ ಮಾಡಿದ್ದು ಯಾರ್ರೀ?”

“ನಾ ಅಲ್ಲ” ಎಂದು ನೀನು ನನ್ನ ಕಡೆ ನೋಡಿದೆ. ಆರೋಪಿಸುವ ನೋಟವಲ್ಲ ಅದು. ಮೇಡಂಗೆ ಏನಾದರೂ ನೆನಪಾದೀತು ಎಂಬ ಆಸೆಯದು. ನೆನಪಾಗಿತ್ತು. ಆ ಹೂವು ಅಲ್ಲೇ ಒಣಗಿ ಬಿದ್ದಿತ್ತು.

“ಐ ಹ್ಯಾವ್ ನೋ ಐಡಿಯಾ” ಎಂದೆ. ಚೆಂದದ ಉಚ್ಚಾರ.

ಅಂದೇ ನಿನ್ನ ಕೆಲಸ ಹೋಯಿತು. ನಾನು ರಿಟೈರ್ ಆಗುವವಳಿದ್ದೆ. ನನ್ನನ್ನು ಯಾರೂ ತೆಗೆಯುತ್ತಿರಲಿಲ್ಲ. ಮತ್ತೇಕೆ ಹಾಗೆಂದೆ? ಹೆದರಿಕೆಯೇ? ಮರ್ಯಾದೆಯೇ? ಒಂದೊಂದು ದಿನ ಒಂದೊಂದು ಉತ್ತರ, ಯಾವುದೂ ನಿಲ್ಲುವುದಿಲ್ಲ.

ಇಷ್ಟು ವರ್ಷಗಳ ಮೇಲೆ, ನಿನ್ನೆ ಶೇಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

“ಬಿಡಿ ಮೇಡಂ, ಹಳೇ ಕತೆ,” ಎಂದರು. “ಯಾವ ಹುಡುಗಿ?”

ನಿನ್ನ ಹೆಸರನ್ನು ಎರಡು ಸಲ ಹೇಳಬೇಕಾಯಿತು.