ಸಹಿ ಮೊದಲು, ಎಣ್ಣೆ ಆಮೇಲೆ

ಕಾರಿನ ಗೇರ್‌ಬಾಕ್ಸ್ ಎಣ್ಣೆಯನ್ನು ಎರಡು ವರ್ಷದ ಹಿಂದೆ ನಾನೇ ಎದುರು ನಿಂತು ಬದಲು ಮಾಡಿಸಿದ್ದೆ. ಕೆಂಪು ಎಣ್ಣೆ ದಾರದಂತೆ ಇಳಿದದ್ದು, ಬೋಲ್ಟು ಬಿಚ್ಚಿದ ಕೈಯ ಹಸಿರು ಕಲ್ಲಿನ ಉಂಗುರ, ಎಲ್ಲ ನೆನಪಿದೆ. ಆ ಕೈಗೆ ಮುಖವೇ ಇರಲಿಲ್ಲ ಎಂಬುದು ಮಾತ್ರ ನನಗೆ ಎಂದೂ ವಿಚಿತ್ರವೆನಿಸಿರಲಿಲ್ಲ.

ಹೆಂಡತಿಗೆ ಇಷ್ಟು ಸಾಕ್ಷಿ ಸಾಲದು. ಅವಳು ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವವಳು. ಅಲ್ಲಿ ಪ್ರತಿ ಕೆಲಸವನ್ನೂ ಮಾಡಿದ ಕ್ಷಣದಲ್ಲೇ ಬರೆದು, ಮಾಡಿದವರೊಬ್ಬರು ಮತ್ತು ನೋಡಿದವರೊಬ್ಬರು ಸಹಿ ಹಾಕಬೇಕು. ಬರೆಯದೆ ಬಿಟ್ಟದ್ದು ನಡೆದೇ ಇಲ್ಲ.

"ಬಿಲ್ ಎಲ್ಲೈತ್ರಿ?"

"ಕಳದೈತಿ. ಆದ್ರ ನನಗ ಕಣ್ಣಿಗೆ ಕಟ್ಟಿದಂಗ ಐತಿ."

"ನಿಮ್ಮ ಕಣ್ಣಾಗ ಯಾರ ಸಹಿ ಐತಿ?"

ಅವಳು ತಮಾಷೆ ಮಾಡುತ್ತಿರಲಿಲ್ಲ. ಕಾರು ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಹಿಂದಿನಿಂದ ಯಾರೋ ಒದ್ದಂತೆ ಜಿಗಿಯುತ್ತಿತ್ತು. ಎಡ ಮೊಣಕಾಲಿನ ನೋವಿನಿಂದ ಅವಳಿಗೆ ಕ್ಲಚ್ ತುಳಿಯಲಾಗದು. ನಲವತ್ತೆಂಟನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತದ್ದೇ ಈ ಆಟೊಮ್ಯಾಟಿಕ್ ಕಾರಿನಲ್ಲಿ. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಕಾರ್ಖಾನೆಯ ಬಸ್ಸು. ಪಕ್ಕದಲ್ಲಿ ಹಿಂದಿನ ರಾತ್ರಿಯ ಧಾರಾವಾಹಿಯನ್ನು ಪೂರ್ತಿ ಹೇಳುವ ಸಹೋದ್ಯೋಗಿ. ಗೇರ್‌ಬಾಕ್ಸ್ ಕೆಟ್ಟರೆ ಹೊಸದು ಹಾಕಿಸುವಷ್ಟು ಬೆಲೆ ಈ ಕಾರಿಗಿಲ್ಲ.

"ಆ ಬಸ್ ಮಾತ್ರ ನಾ ಇನ್ನ ಹತ್ತಂಗಿಲ್ಲ," ಎಂದಳು.

ಹಾಗಾಗಿ ಅವಳು ಒಂದು ದಿನ ರಜೆ ಹಾಕಿದಳು. ಮಂಗಳವಾರ. ಬುಧವಾರ ಎಂದು ಬರೆಯಲು ಹೊರಟಿದ್ದೆ. ಅವಳ ಡೈರಿ ಮಂಗಳವಾರ ಎನ್ನುತ್ತದೆ.

ಜೀಡಿಮೆಟ್ಲಾದ ಶೆಡ್ಡಿನಲ್ಲಿ ಉಸ್ತಾದ್ ಕಾರಿನಡಿ ಮಲಗಿ ಟಾರ್ಚ್ ಬಿಟ್ಟ. ಐವತ್ತು ದಾಟಿದ ಮೆಕ್ಯಾನಿಕ್, ಮಾತಿಗಿಂತ ಮೊದಲು ನಗುವವನು.

"ಸಾಬ್, ಯೇ ಬೋಲ್ಟ್ ತೋ ಅಭೀ ತಕ್ ಕುವಾರಾ ಹೈ!"

ಕಾರು ತಯಾರಿಸಿದ ಕಂಪನಿಯಲ್ಲಿ ಬೋಲ್ಟು ಬಿಗಿದ ದಿನ ಅದರ ಮೇಲೂ ಪಕ್ಕದ ಲೋಹದ ಮೇಲೂ ಸೇರಿಸಿ ಎಳೆದ ಹಳದಿ ಬಣ್ಣದ ಗೆರೆ ಹಾಗೇ ಇತ್ತು, ಎಲ್ಲೂ ತುಂಡಾಗಿರಲಿಲ್ಲ. ಉಸ್ತಾದ್ ಹೇಳಿದಂತೆ ಬೋಲ್ಟು ಇನ್ನೂ ಬ್ರಹ್ಮಚಾರಿ, ಈವರೆಗೆ ಯಾರೂ ಅದನ್ನು ಮುಟ್ಟಿರಲಿಲ್ಲ. ಹೆಂಡತಿ ಬಗ್ಗಿ ಗೆರೆಯನ್ನು ನೋಡಿದಳು, ಎದ್ದು ನನ್ನನ್ನು ನೋಡಿದಳು. ಉಂಗುರದ ಕೈ ಎಂದೋ ಮೊಬೈಲಿನಲ್ಲಿ ನೋಡಿದ ವಿಡಿಯೊದ್ದು ಎಂದು ನನಗೆ ಆಗ ಹೊಳೆಯಿತು. ಅಥವಾ ಬರೆಯುವಾಗ, ಈಗ, ಹೊಳೆಯಿತು. ಅದಕ್ಕೂ ಬಿಲ್ ಇಲ್ಲ.

ಉಸ್ತಾದನ ನಗು ಕಡಿಮೆಯಾಯಿತು. ಇಷ್ಟು ವರ್ಷ ಬದಲಾಯಿಸದ ಎಣ್ಣೆಯನ್ನು ತೆಗೆದರೆ ಗೇರ್ ಸುಧಾರಿಸಬಹುದು, ಪೂರ್ತಿ ಕೆಟ್ಟು ಕೂತುಬಿಡಲೂಬಹುದು. "ಫಿರ್ ಮೇರೆ ಕೋ ನಕ್ಕೋ ಬೋಲ್ನಾ ಮೇಡಮ್," ಆಮೇಲೆ ತನ್ನನ್ನು ದೂರಬಾರದು ಎಂದ.

"ಹಿಂಗೇ ಬಿಟ್ರೂ ಸಾಯತೈತಿ," ಎಂದು ನನಗೆ ಹೇಳಿ ಅವನಿಗೆ, "ಖೋಲೋ, ಬೋಲ್ಟ್ ಖೋಲೋ," ಎಂದಳು. ಡೈರಿ ತೆಗೆದು ಸಾಲು ಎಳೆದಳು: ಹೊರಬಂದದ್ದು ಎಷ್ಟು, ವಾಸನೆ ಹೇಗೆ, ಒಳಗೆ ಹೋದ ಒಂದನೇ ಡಬ್ಬಿ, ಎರಡನೇ ಡಬ್ಬಿ, ಮೂರನೇ ಡಬ್ಬಿ. ಮಾಡಿದವನು ಉಸ್ತಾದ್, ನೋಡಿದವನು ನಾನು.

ಎಣ್ಣೆ ಇಳಿಯಿತು. ಕೆಂಪಲ್ಲ, ಒಲೆಯ ಮೇಲೆ ಮರೆತ ಬೆಲ್ಲದ ಪಾಕದ ಬಣ್ಣ. ಅವಳು ಬೆರಳಲ್ಲಿ ತೆಗೆದು ಮೂಸಿ, "ಸುಟ್ಟೈತಿ," ಎಂದು ಬರೆದಳು. ಅಳೆದರೆ ಮೂರು ಲೀಟರ್. ಎಷ್ಟು ಬಂತೋ ಅಷ್ಟೇ ಹೊಸದನ್ನು ಹಾಕಬೇಕು. ನಾವು ತಂದದ್ದೂ ಒಂದೊಂದು ಲೀಟರಿನ ಮೂರು ಡಬ್ಬಿ.

ಅಷ್ಟರಲ್ಲಿ ಕಾರ್ಖಾನೆಯಿಂದ ಅವಳಿಗೆ ಫೋನ್ ಬಂತು. "ನೋಡ್ಕೋತ ನಿಂದರ್ರಿ," ಎಂದು ಹೊರಗೆ ಹೋದಳು.

ಉಸ್ತಾದ್ ಕೈ ಒರೆಸಿಕೊಂಡು, "ಸಾಬ್, ಸೈನ್ ಅಭೀಚ್ ಲೇಲೋ. ಬಾದ್ ಮೇ ಹಾಥ್ ಗಂದಾ, ಮೇಡಮ್ ಕಾ ಕಿತಾಬ್ ಗಂದಾ," ಎಂದ. ಸಹಿ ಈಗಲೇ ಆಗಲಿ, ಆಮೇಲೆ ಕೈಯೂ ಕೊಳೆ, ಮೇಡಮ್ಮಿನ ಪುಸ್ತಕವೂ ಕೊಳೆ ಎಂಬ ಅವನ ಮಾತಿನಲ್ಲಿ ಸ್ವಚ್ಛತೆಯ ಕಾಳಜಿ ಕಂಡಿತು. ಐದೂ ಸಾಲಿಗೆ ಇಬ್ಬರೂ ಸಹಿ ಹಾಕಿದೆವು. ಚಹಾ ಬಂತು. ಅವನು ಎರಡು ಡಬ್ಬಿ ಸುರಿದ. ಯಾರೋ ಬೈಕಿನವನು ಕರೆದ. ಹೋಗಿ ಬಂದು ಹಾಳೆ ನೋಡಿದ. ಮೂರೂ ಡಬ್ಬಿಗೆ ಸಹಿ ಇತ್ತು. ಬಾನೆಟ್ ಮುಚ್ಚಿದ. ಅವನು ಮೂರನೆಯದನ್ನು ಸುರಿದದ್ದು ನನಗಂತೂ ಕಂಡ ಹಾಗೇ ಇತ್ತು.

ಅವಳು ಬಂದು ಹಾಳೆ ಓದಿ ತಲೆಯಾಡಿಸಿದಳು. ಕಾರೊಳಗೆ ಕೂತು ಚಾವಿಗೆ ಕೈ ಹಾಕಿದವಳು ಹಾಗೇ ಇಳಿದಳು. ಬೆಂಚಿನ ಮೇಲೆ, ನನ್ನ ಚಹಾ ಲೋಟದ ಹಿಂದೆ, ಸೀಲು ಒಡೆಯದ ಡಬ್ಬಿ.

"ಇದೇನ್ರಿ?"

"ಹೆಚ್ಚಿಂದು ಇರಬೇಕು."

"ಎಷ್ಟ ತಂದಿದ್ವಿ?"

"ಮೂರ."

ಅವಳು ಡಬ್ಬಿಯನ್ನು ತಂದು ಹಾಳೆಯ ಪಕ್ಕದಲ್ಲಿಟ್ಟಳು.

"ಸಾಬ್ ಸೈನ್ ಕರೇ ನಾ," ಎಂದು ಉಸ್ತಾದ್ ಹಾಳೆಯಲ್ಲಿ ನನ್ನ ಸಹಿ ತೋರಿಸಿದ.

"ತುಮ್ ಭೀ ಕರೇ," ಎಂದು ನಾನು ಅವನದನ್ನು ತೋರಿಸಿದೆ.

"ಒಂದು ಲೀಟರ್ ಕಮ್ಮಿ ಇಟ್ಟು ಚಾಲೂ ಮಾಡತಿದ್ದೆ ನಾ. ಗೇರ್‌ಬಾಕ್ಸ್ ಇಲ್ಲೇ ಮುಗೀತಿತ್ತು," ಎಂದಳು ಅವಳು. "ನಮ್ಮಲ್ಲಿ ಹಿಂಗ ಮಾಡಿದ್ರ ನೌಕರಿ ಹೋಗತೈತಿ. ನಿಮಗ ಹೋಗಾಕ ನೌಕರೀನೂ ಇಲ್ಲ!"

ಮೂರನೇ ಡಬ್ಬಿಯನ್ನು ತಾನೇ ಆಲಿಕೆಯಿಟ್ಟು ಸುರಿದಳು. ಹಾಳೆ ಹರಿಯಲಿಲ್ಲ. ಅವರ ಕಾರ್ಖಾನೆಯಲ್ಲಿ ತಪ್ಪನ್ನು ಅಳಿಸುವಂತಿಲ್ಲ. ಒಂದೇ ಗೆರೆ ಹೊಡೆಯಬೇಕು, ಕೆಳಗಿನ ತಪ್ಪು ಓದಲು ಸಿಗಬೇಕು. ಆ ಡಬ್ಬಿಯ ಸಾಲಿನಲ್ಲಿದ್ದ ಉಸ್ತಾದನ ಮತ್ತು ನನ್ನ ಸಹಿಯ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಮಾಡಿದವಳೂ ನೋಡಿದವಳೂ ತಾನೇ ಎಂದು ಬರೆದಳು. ಅದೂ ನಿಯಮಕ್ಕೆ ವಿರುದ್ಧವೇ. ನಾನು ಹೇಳಲಿಲ್ಲ.

ಎಂಜಿನ್ ಬಿಸಿಯಾಗಲು ಬಿಟ್ಟು ಉಸ್ತಾದ್ ಎಣ್ಣೆಯ ಮಟ್ಟ ನೋಡಿದ. ಆಮೇಲೆ ಅವನು ಹಿಂದಿನ ಸೀಟಿನಲ್ಲಿ, ನಾನು ಅವಳ ಪಕ್ಕದಲ್ಲಿ. ಕಾರು ರಸ್ತೆಗಿಳಿಯಿತು. ಒಂದು. ಎರಡು. ನಾನು ಡ್ಯಾಶ್‌ಬೋರ್ಡ್ ಹಿಡಿದು ಹಿಂದಿನ ಒದೆತಕ್ಕೆ ಕಾದು ಕೂತೆ.

"ಬಿತ್ತು," ಎಂದಳು.

"ಏನು?"

"ಮೂರ."

"ಯಾವಾಗ?"

ಅವಳು ನಕ್ಕಳು. ಆ ದಿನ ಅದೇ ಮೊದಲು, ಇದು ಖಾತ್ರಿ. ಕಾರು ಶೆಡ್ಡಿಗೆ ಮರಳಲು ತಿರುಗಬೇಕಾದ ತಿರುವನ್ನು ದಾಟಿ ಹೋಯಿತು.

"ಮೇಡಮ್, ದುಕಾನ್ ಪೀಛೇ ರಹ್ ಗಯಾ!" ಎಂದ ಉಸ್ತಾದ್.

"ಬೈಠೋ ಉಸ್ತಾದ್," ಎಂದು ಅವಳು ಆಕ್ಸಿಲರೇಟರ್ ಒತ್ತಿದಳು. "ಚೌಥಾ ಗೇರ್ ಬಾಕೀ ಹೈ."