ಗುಂಜಿಗೆ ಹೊರಟ ಕ್ಯಾರೋಲ್

ಮಹಾಂತೇಶ ನಗರದ ಸುಜಯ ಹಗಲೆಲ್ಲ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲಸಗಾರರ ಹಾಜರಿ ಹಾಕುತ್ತಿದ್ದ. ರವಿವಾರ ದಂಡಿನ ಕ್ಯಾಂಪಿನ ಕಲ್ಲಿನ ಚರ್ಚಿನಲ್ಲಿ ಆರಾಧನೆಯ ಕೊನೆಗೆ ಪ್ರಕಟಣೆ ಓದುತ್ತಿದ್ದ. ಮೊದಲನೆಯ ಕೆಲಸಕ್ಕೆ ಪಗಾರ ಬರುತ್ತಿತ್ತು. ಎರಡನೆಯದಕ್ಕೆ ಬೇಕಾದರೆ ತಾನೇ ಕೈಯಿಂದ ಕೊಟ್ಟಾನು, ಅಷ್ಟು ಹುಚ್ಚು.

ಪ್ರಕಟಣೆ ಎಂದರೆ ಯಾರಿಗೆ ಆಪರೇಶನ್ ಆಯಿತು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಹೆಂಗಸರ ಕೂಟ ಯಾರ ಮನೆಯಲ್ಲಿ. ಬೇರೆಯವರ ಕೈಯಲ್ಲಿ ಅದು ಒಂದು ಮುಷ್ಟಿ ಸರಕು. ಸುಜಯ ಅದನ್ನು ಹತ್ತಿ ಹಿಂಜಿದ ಹಾಗೆ ಹಿಂಜಿ ಗಾಡಿ ತುಂಬಿಸುತ್ತಿದ್ದ. ಯಾರದೋ ಹೊಟ್ಟೆಯಿಂದ ತೆಗೆದ ಹುಣಸೆ ಬೀಜದಷ್ಟು ಕಲ್ಲು ಅವನ ಬಾಯಲ್ಲಿ ಲಿಂಬೆಹಣ್ಣಾಗುತ್ತಿತ್ತು. ಕಲ್ಲಿನ ಒಡೆಯನೇ ಬೆಂಚಿನ ಮೇಲೆ ಕೂತು ಬೆರಗಾಗುತ್ತಿದ್ದ. ಆದರೂ ಅವನ ಮಾತು ಕೇಳಿ ಹೊರಬಿದ್ದವರಿಗೆ ಬೆನ್ನು ನೆಟ್ಟಗಾಗುತ್ತಿತ್ತು, ಅದೂ ಖರೇ. ಉಪದೇಶದ ಪ್ರಸಂಗಕ್ಕೆ ತೂಕಡಿಸಿದವರು ಪ್ರಕಟಣೆಗೆ ಎಚ್ಚರಾಗುತ್ತಿದ್ದರು. ಸಭಾಪಾಲಕರಿಗೆ ಇದು ಗೊತ್ತಿತ್ತು, ದೊಡ್ಡ ಮನಸ್ಸಿನಿಂದ ನುಂಗಿಕೊಂಡಿದ್ದರು.

ಎರಡು ಸಾವಿರದ ಇಸವಿಯ ಡಿಸೆಂಬರ್. ಆ ರವಿವಾರ ಅವನು ಓದಬೇಕಾಗಿದ್ದದ್ದು ಇಷ್ಟೇ: ಗುಂಜಿಯಲ್ಲಿರುವ ಸಾತವ್ವನಿಗೆ ಮೊಣಕಾಲು ನೋವು, ಚರ್ಚಿಗೆ ಬರಲಾಗದು, ಪ್ರಾರ್ಥಿಸಿರಿ.

ಸಾತವ್ವ ಕ್ಯಾಂಪಿನಲ್ಲಿದ್ದಾಗ ಸಂಡೇ ಸ್ಕೂಲಿನಲ್ಲಿ ಸುಜಯನ ಕಿವಿ ಹಿಂಡಿ ಪ್ರಾರ್ಥನೆ ಕಲಿಸಿದಾಕೆ. ಮಗಳನ್ನು ಹಳಿ ದುರಸ್ತಿಯ ರೈಲ್ವೆ ಗ್ಯಾಂಗಿನ ಕರೆಪ್ಪನಿಗೆ ಕೊಟ್ಟ ಮೇಲೆ ಅವರ ಜೊತೆ ಲೋಂಡಾ ದಾರಿಯ ಸಣ್ಣ ಸ್ಟೇಷನ್ನಿನ ಊರು ಗುಂಜಿಯಲ್ಲೇ ಉಳಿದಿದ್ದಳು. ಪ್ರತಿ ಕ್ರಿಸ್ಮಸ್ಸಿಗೂ, ಮನೆಮನೆಯ ಬಾಗಿಲಲ್ಲಿ ನಿಂತು ಹಾಡುವ ಕ್ಯಾರೋಲಿನ ಹೊತ್ತಿಗೆ, ಸುಜಯ ಆಕೆಗೆ "ಬರ್ತೇವಿ" ಎಂದು ಹೇಳಿ ಕಳಿಸುತ್ತಿದ್ದ, ಯಾರೂ ಹೋಗುತ್ತಿರಲಿಲ್ಲ. ಅದು ನೆನಪಾಗಿ ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದರೆ ಬಾಯಿ ಸುಮ್ಮನಾಗುವುದು ಲೋಕರೂಢಿ. ಸುಜಯನದು ಉಲ್ಟಾ.

"ಬರೇ ಪ್ರಾರ್ಥನಿ ಸಾಕೇನ್ರಿ?" ಎಂದು ಗುಡುಗಿದ. "ಈ ವರ್ಷ ನಮ್ಮ ಕ್ಯಾರೋಲ್ ಗುಂಜಿಗೆ ಹೋಗತೈತಿ! ರೈಲಿನ್ಯಾಗ! ಸಾತವ್ವನ ಬಾಗಲಾ ಬಡೀತೈತಿ!"

ಇಡೀ ಚರ್ಚು ಚಪ್ಪಾಳೆ ಹೊಡೆಯಿತು. ಆಂಗ್ಲರ ಕಾಲದ ಆ ಕಟ್ಟಡದಲ್ಲಿ ಚಪ್ಪಾಳೆ ಅಪರೂಪ. ಮಾಡಿನ ಪಾರಿವಾಳಗಳು ಹಾರಿಹೋದವು. ಅದೇ ಗುಂಗಿನಲ್ಲಿ ಅವನು ಬೂತಿಗೆ ಹೋಗಿ ಗುಂಜಿಯ ಕಿರಾಣಿ ಅಂಗಡಿಗೆ ಫೋನನ್ನೂ ಹಚ್ಚಿದ. ಸಾತವ್ವ ಕುಂಟುತ್ತ ಬಂದು ಮಾತಾಡಿದಳು: "ಬರ್ತೇನಿ ಅಂದವರನ್ನ ಭಾಳ ನೋಡೇನಪಾ. ಬಂದ್ರ ಕೋಳಿ ಕೊಯ್ಯತೇನಿ. ಬರದಿದ್ರ ಇನ್ನ ಹೇಳಿ ಕಳಸಬ್ಯಾಡ, ಎಂದೂ."

ಆ 'ಎಂದೂ' ಕೇಳಿ ಸುಜಯನಿಗೆ ಗುಂಗು ಇಳಿಯಿತು.

ಹೆಂಡತಿ ಮಾಲಾ ಕೇಳಿದಳು, "ಯಾರನ್ನ ಕೇಳಿ ಹೇಳಿದ್ರಿ?"

"ನಾ ಎಲ್ಲಿ ಹೇಳಿದೆ? ಬಾಯಿ ಹೇಳ್ತು."

"ಹಂಗಾರ ಬಾಯೀನ ಕಳಸ್ರಿ ಗುಂಜಿಗೆ. ನೀವು ಮನ್ಯಾಗ ಇರ್ರಿ."

ಹಾಡಿನ ಗುಂಪು ಪ್ರಮಿಳಾ ಟೀಚರರ ಕೈಯಲ್ಲಿತ್ತು. ಅವರು ಒಪ್ಪಿದರು, ಒಂದು ಕರಾರಿನ ಮೇಲೆ. "ಒಮ್ಮೆ ಹಾಡು ಹಿಡದ ಮ್ಯಾಲ ನಡುವ ನಿಲ್ಲಸಂಗಿಲ್ಲ, ಸುಜಯ. ಬಿಷಪ್ಪರು ಎದರಿಗೆ ಬಂದ್ರೂ ನಿಲ್ಲಸಂಗಿಲ್ಲ."

"ಬಿಷಪ್ಪರು ಗುಂಜಿಗೆ ಯಾಕ ಬರ್ತಾರ್ರಿ ಟೀಚರ್?" ಎಂದು ಸುಜಯ ನಕ್ಕ.

ಕ್ರಿಸ್ಮಸ್ಸಿನ ಹಿಂದಿನ ವಾರ ಮಧ್ಯಾಹ್ನದ ಪ್ಯಾಸೆಂಜರಿನ ಕಟ್ಟಕಡೆಯ ಬೋಗಿಗೆ ಇಡೀ ಗುಂಪು ಹತ್ತಿತು. ಹಾರ್ಮೋನಿಯಂ, ಬಿದಿರಿನ ನಕ್ಷತ್ರ, ಸುಜಯನ ಕೊರಳಲ್ಲಿ ಢೋಲಕಿ. "ಗುಂಜಿಯೊಳಗ ಎದರಿನ ಗಾಡಿ ಕ್ರಾಸಿಂಗ್ ಐತ್ರಿ," ಎಂದು ಅವನು ರೈಲಿನಲ್ಲೂ ಪ್ರಕಟಣೆ ಹೊರಡಿಸಿದ. "ಭಾಳೊತ್ತು ನಿಲ್ಲತೈತಿ. ಚಹಾ ಕುಡದು, ಬಾಯಿ ಒರಸಿಕೊಂಡು ಇಳೀಬಹುದು."

ಖಾನಾಪುರದಲ್ಲಿ ಭೀಮಗೊಂಡ ಎಂಬ ಅರಿವೆ ವ್ಯಾಪಾರಿ ಹತ್ತಿದ. ಬೇರೆಯವರ ಸರಕನ್ನು ಬಿಟ್ಟಿ ಅನುಭವಿಸುವುದರಲ್ಲಿ ಪಳಗಿದವ. ಒಂದು ಹಾಡು ಕೇಳಿ, "ವಾಹ್! ಇನ್ನೊಂದು ಆಗಲಿ ಅಕ್ಕಾರ," ಎಂದ. ಟೀಚರ್ ಉಬ್ಬಿದರು. ಆರು ಚರಣದ ಹಾಡನ್ನು ಎತ್ತಿಕೊಂಡರು. ಮೂರನೆಯ ಚರಣದಲ್ಲಿ ಗಾಡಿ ನಿಂತಿತು.

ಸುಜಯ ಕಿಟಕಿಯಿಂದ ಇಣುಕಿದ. ಗುಂಜಿ! ಅವರ ಬೋಗಿ ಪ್ಲಾಟ್‌ಫಾರ್ಮಿನಿಂದ ಹಿಂದೆಯೇ ನಿಂತಿತ್ತು. ದೂರ ಮುಂದೆ ಖುರ್ಚಿಯ ಮೇಲೆ ಬಿಳಿ ಸೆರಗು ಹೊದ್ದು ಕೂತ ಸಾತವ್ವ, ಸುತ್ತ ಹತ್ತು ಮಂದಿ, ಚೆಂಡುಹೂವಿನ ಮಾಲೆ.

"ಟೀಚರ್, ಗುಂಜಿ!"

ಟೀಚರ್ ಕಣ್ಣು ಮುಚ್ಚಿಯೇ ಒಂದು ಬೆರಳು ಎತ್ತಿದರು. ಸಣ್ಣಂದಿನಿಂದ ಅಂಥ ಬೆರಳುಗಳಿಗೆ ಅಂಜಿದ ಸುಜಯ ಢೋಲಕಿ ಬಿಡಲಿಲ್ಲ. ಹೇಗೂ ಕ್ರಾಸಿಂಗ್ ಇದೆಯಲ್ಲ! ನಾಲ್ಕನೆಯ ಚರಣ. ಎದುರಿನ ಗಾಡಿಗೆ ಆವತ್ತು ಬೇರೆ ಎಲ್ಲೋ ಕೆಲಸವಿತ್ತು, ಬರಲೇ ಇಲ್ಲ. ಐದನೆಯದರ ಹಲ್ಲೆಲೂಯ ಎಳೆಯುವಾಗ ಸೀಟಿ ಊದಿ ಗಾಡಿ ಹೊರಟೇ ಬಿಟ್ಟಿತು. ಸುಜಯ ಬಾಗಿಲಿಗೆ ಓಡಿದ. ಪ್ಲಾಟ್‌ಫಾರ್ಮ್ ಕಣ್ಣೆದುರು ಸರಿಯಿತು, ಖಾಲಿ. ಸಾತವ್ವನೂ ಇಲ್ಲ, ಖುರ್ಚಿಯೂ ಇಲ್ಲ. ಬಿದ್ದ ಚೆಂಡುಹೂವು, ಹಸಿರು ಬಾವುಟ ಬೀಸಿ ಏನೋ ಕೂಗುತ್ತಿದ್ದ ಸ್ಟೇಷನ್ ಮಾಸ್ತರ, ಅಷ್ಟೇ.

ಸಿಟ್ಟಿನಿಂದ ಎದ್ದು ಮನೆಗೆ ಹೋದಳು, ಮುಗಿಯಿತು ಎಂದುಕೊಂಡ ಸುಜಯ. ಆರನೆಯ ಚರಣ ಮುಗಿಸಿ ಟೀಚರ್ ಕಣ್ಣು ತೆರೆದರು. "ಗುಂಜಿ ಬಂತೇನು?"

"ಬಂದು ಹೋತ್ರಿ."

ಮಾಲಾ ಗಂಡನ ಕಡೆ ತಿರುಗಿದಳು. "ಮಾಡ್ರಿ ಈಗ ಪ್ರಕಟಣಿ."

ಭೀಮಗೊಂಡ ಮೆಲ್ಲಗೆ, "ಹೆಂಗೂ ಲೋಂಡಾದ ತನಕ ಇಳಿಯಂಗಿಲ್ಲ, ಇನ್ನೊಂದು..." ಎಂದ. ಇಡೀ ಬೋಗಿ ಅವನನ್ನು ನೋಡಿದ ನೋಟಕ್ಕೆ ಅವನು ಪೇಪರಿನ ಹಿಂದೆ ಸರಿದ.

ಲೋಂಡಾದಲ್ಲಿ ಸುಜಯ ಎಲ್ಲರಿಗಿಂತ ಕಡೆಗೆ ಇಳಿದ. ಮುಂದಿನ ಬೋಗಿಯ ಬಾಗಿಲಲ್ಲಿ ಗದ್ದಲ. "ಸಾವಕಾಶ, ಸಾವಕಾಶ! ಕಾಲು ಹಿಡಿ, ಖುರ್ಚೀದು!" ಕರೆಪ್ಪ ಮತ್ತು ಗ್ಯಾಂಗಿನವರು ಸೇರಿ ಏನನ್ನೋ ಇಳಿಸುತ್ತಿದ್ದರು. ಖುರ್ಚಿ. ಅದರ ಮೇಲೆ ಸಾತವ್ವ. ಆಕೆಯ ಹಿಂದೆ ಕೋಳಿ ಸಾರಿನ ಪಾತೇಲಿ, ಅಕ್ಕಿ ರೊಟ್ಟಿಯ ಬುಟ್ಟಿ, ಕರ್ಚಿಕಾಯಿಯ ಡಬ್ಬಿ.

"ಯವ್ವಾ! ನೀ... ಗಾಡ್ಯಾಗ?"

"ಮತ್ತೇನಪಾ?" ಎಂದಳು ಸಾತವ್ವ, ರಾಣಿಯಂತೆ ಕೂತೇ. "ಹಾಡು ಕೇಳಸಾಕ ಹತ್ತಿತ್ತು, ಹಾಡವರು ಇಳೀವಲ್ರು. ಸಾರು ಆರಾಕ ಹತ್ತಿತ್ತು. ನೀವು ಇಳೀಲಿಲ್ಲ, ನಾನ ಹತ್ತಿದೆ."

"ಮಾಸ್ತರ್ ನನ್ನ ಖುರ್ಚಿ, ನನ್ನ ಖುರ್ಚಿ ಅಂತ ಒದರಿದ," ಎಂದ ಕರೆಪ್ಪ ಬೆವರೊರೆಸುತ್ತ. "ಅತ್ತಿ ಏಳವಲ್ಲಳು. ಖುರ್ಚಿ ಸಮೇತ ಎತ್ತಿದಿವಿ."

ಮೊದಲು ನಕ್ಕದ್ದು ಪ್ರಮಿಳಾ ಟೀಚರ್. ಆಮೇಲೆ ಯಾರು ನಗಲಿಲ್ಲ ಎಂದು ಹೇಳುವುದೇ ಕಷ್ಟ. ಲೋಂಡಾ ಪ್ಲಾಟ್‌ಫಾರ್ಮಿನ ಮೇಲೆ ಸಾರು ಬಡಿಸಲಾಯಿತು. ಹಮಾಲರಿಗೂ ಬಂತು, ಚಹಾದವನಿಗೂ ಬಂತು. ಮಾಂಸ ಮುಟ್ಟದ ಭೀಮಗೊಂಡ ಸಾರಿಗೆ ದೂರದಿಂದ ಕೈಮುಗಿದು ಕರ್ಚಿಕಾಯಿಯಲ್ಲಿ ಆ ನಷ್ಟವನ್ನು ತುಂಬಿಕೊಂಡ.

ಸುಜಯ ಮಾತ್ರ ರೊಟ್ಟಿ ಮುರಿದು ಕೂತಿದ್ದ, ತಿಂದಿರಲಿಲ್ಲ. "ನಿನ್ನ ಬಾಗಲಿಗೆ ಬರ್ತೇವಿ ಅಂದಿದ್ದೆ ಯವ್ವಾ," ಎಂದ. ಅವನ ಬಾಯಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ಮಾಲಾ ಮದುವೆಯಾದಾಗಿನಿಂದ ಕೇಳಿರಲಿಲ್ಲ.

"ಬಾಗಲಾ ಎಲ್ಲಿಗಿ ಹೋಗೇತಿ? ಹೊಳ್ಳಿ ಹೋಗೂ ಗಾಡಿ ಐತಲ್ಲ. ಉಣ್ಣು ಮೊದಲ."

ತಿರುಗಿ ಬರುವ ಗಾಡಿಯಲ್ಲಿ ಸುಜಯ ಯಾರಿಗೂ ತುಟಿ ಬಿಚ್ಚಗೊಡಲಿಲ್ಲ. ಹಾರ್ಮೋನಿಯಂ ಮುಚ್ಚಿಸಿದ, ಒಂದು ಕಾಲು ಬೋಗಿಯ ಒಳಗೆ, ಒಂದು ಮೆಟ್ಟಿಲ ಮೇಲೆ ಇಟ್ಟು ಕಾವಲು ನಿಂತ. ಗುಂಜಿಯ ಸಿಗ್ನಲ್ ಕಂಡಿತು. ಅಷ್ಟರಲ್ಲಿ ಹಿಂದಿನಿಂದ ಒಡಕು ದನಿಯಲ್ಲಿ ಹಾಡು ಎದ್ದಿತು: ಸಾತವ್ವ! ಟೀಚರರ ಕಣ್ಣು ಆಗಲೇ ಮುಚ್ಚಿದ್ದವು. ಕರಾರು ಕರಾರೇ. ಈ ಸಲ ಯಾರೂ ಹಾಡು ನಿಲ್ಲಿಸಲಿಲ್ಲ, ಹಾಡುತ್ತಲೇ ಇಳಿದರು. ಎರಡನೆಯ ಚರಣದಲ್ಲಿ ಖುರ್ಚಿ ಇಳಿಯಿತು, ಮೂರನೆಯದರಲ್ಲಿ ಹಳಿ ದಾಟಿದರು, ಹೊತ್ತು ಮುಳುಗುವ ಮುಂಚೆ ಕಾಡಂಚಿನ ಆ ಮನೆಯ ಅಂಗಳಕ್ಕೆ ಬಂದು ನಿಂತರು.

ಅಂಗಳದಲ್ಲಿ ಸಾತವ್ವ ಖುರ್ಚಿಯಿಂದ ತಾನೇ ಎದ್ದಳು. ಕೈಕೊಟ್ಟ ಸುಜಯನನ್ನು ಆಚೆ ಸರಿಸಿದಳು.

"ನಾ ಒಳಗ ಹೋಗತೇನಿ. ನೀವು ಹೊರಗ ನಿಂದರ್ರಿ, ಹೊಸದಾಗಿ ಸುರು ಮಾಡ್ರಿ. ನಾ ಬಾಗಲಾ ತಗೀಲಿಲ್ಲಂದ್ರ ಅದೇನು ಕ್ಯಾರೋಲ್?"

ಗೋಡೆ ಹಿಡಿದು ಒಳಗೆ ಹೋದಳು, ಅಗಳಿ ಹಾಕಿಕೊಂಡಳು. ಸುಜಯ ಢೋಲಕಿಯನ್ನು ಬೆನ್ನಿಗೆ ಸರಿಸಿ, ಕೂದಲು ಒತ್ತಿಕೊಂಡು ಬಾಗಿಲು ಬಡಿದ.

"ಯಾರು?" ಎಂದಿತು ಒಳಗಿನ ದನಿ, ಏನೂ ಗೊತ್ತಿಲ್ಲದ ಹಾಗೆ.